ಓದಬೇಡಿ, ಉಲ್ಲೇಖಿಸಿ ಸಾಕು

ವೈದ್ಯಕೀಯ ಸಂಶೋಧಕರನ್ನು ವೇದಿಕೆಗೆ ಕರೆಯುವಾಗ ಈಗ ಜಾಸ್ತಿ ಮಾತು ಬೇಕಿಲ್ಲ. "ಇವರ ಹೆಸರಲ್ಲಿ 400 ಪೇಪರ್, ಎಚ್-ಇಂಡೆಕ್ಸ್ 50" ಎಂದರೆ ಮುಗಿಯಿತು, ಚಪ್ಪಾಳೆ. ಯಾವ ಕಾಯಿಲೆ ಮೇಲೆ ಕೆಲಸ ಮಾಡಿದರು, ಅದರಿಂದ ಯಾರಿಗಾದರೂ ವಾಸಿಯಾಯಿತಾ ಎಂದು ಕೇಳುವವರಿಗೆ ಸಂಶೋಧನೆಯ ಗಂಧಗಾಳಿ ಇಲ್ಲ ಎಂದೇ ಅರ್ಥ.

ಈ ಎಚ್-ಇಂಡೆಕ್ಸ್ ಡಾಕ್ಟರುಗಳು ಕಂಡುಹಿಡಿದದ್ದಲ್ಲ. 2005ರಲ್ಲಿ ಹೊರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ಕೊಟ್ಟ ಲೆಕ್ಕ. ನಿಮ್ಮ 20 ಪೇಪರ್‌ಗಳನ್ನು ತಲಾ 20 ಸಲವಾದರೂ ಬೇರೆಯವರು ತಮ್ಮ ಪೇಪರ್‌ಗಳಲ್ಲಿ ಉಲ್ಲೇಖಿಸಿದ್ದರೆ ನಿಮ್ಮ ಇಂಡೆಕ್ಸ್ 20. ಜೀವಮಾನದಲ್ಲಿ ಒಂದೇ ಒಂದು ಪೇಪರ್ ಬರೆದು, ಅದನ್ನು ಹತ್ತು ಸಾವಿರ ಜನ ಉಲ್ಲೇಖಿಸಿದರೂ ನಿಮ್ಮದು 1. ದೊಡ್ಡದೊಂದು ಸತ್ಯ ಕಂಡುಹಿಡಿದು ಸುಮ್ನೆ ಕೂರೋಣ ಎಂದುಕೊಂಡವರು ಇದನ್ನು ಗಮನಿಸಬೇಕು.

ಜಾಣರು ಹಾಗೆ ಕೂರುವುದಿಲ್ಲ. ಸಕ್ಕರೆ ಕಾಯಿಲೆಯ ಒಂದು ಅಧ್ಯಯನ ಮುಗಿಯಿತು ಅನ್ನಿ. ಗಂಡಸರ ಬಗ್ಗೆ ಒಂದು ಪೇಪರ್, ಹೆಂಗಸರ ಬಗ್ಗೆ ಇನ್ನೊಂದು, ಅರವತ್ತು ದಾಟಿದವರಿಗೆ ಪ್ರತ್ಯೇಕ. ಆಮೇಲೆ ಮೂರನ್ನೂ ಸೇರಿಸಿ ಒಂದು ವಿಮರ್ಶಾ ಲೇಖನ. ಪ್ರತಿಯೊಂದರ ಕೊನೆಯಲ್ಲೂ ಉಲ್ಲೇಖದ ಪಟ್ಟಿಯಲ್ಲಿ ಹಿಂದಿನವೆಲ್ಲ ಹಾಜರು. ಹೆಸರುಗಳ ಸಾಲನ್ನೂ ನೋಡಿ. ಮೊದಲ ಹೆಸರು ರಾತ್ರಿಯೆಲ್ಲ ಕೂತು ಡೇಟಾ ತುಂಬಿದ ಪಿಜಿ ವಿದ್ಯಾರ್ಥಿಯದು. ಕೊನೆಯದು ವಿಭಾಗದ ಮುಖ್ಯಸ್ಥರದು. ನಡುವಿನವರಲ್ಲಿ ಒಂದಿಬ್ಬರಿಗೆ ಇಂಥದ್ದೊಂದು ಪೇಪರ್ ಬಂದಿರುವುದು ಗೊತ್ತಾಗುವುದು ಅಭಿನಂದನೆಯ ಮೆಸೇಜ್ ಬಂದಾಗ.

ಇನ್ನು ಜರ್ನಲ್‌ನ ರಿವ್ಯೂವರ್, ಅಂದರೆ ಪೇಪರ್ ಅಚ್ಚಾಗುವ ಮೊದಲು ಅದನ್ನು ಪರಿಶೀಲಿಸುವವರು. "ಲೇಖಕರು ಈ ಕೆಳಗಿನ ಏಳು ಪೇಪರ್‌ಗಳನ್ನು ಉಲ್ಲೇಖಿಸಿದರೆ ಲೇಖನದ ತೂಕ ಹೆಚ್ಚುತ್ತದೆ." ಏಳನ್ನೂ ಬರೆದವರು ಒಬ್ಬರೇ. ರಿವ್ಯೂವರ್ ಹೆಸರು ಗುಟ್ಟು. ಅದು ಗುಟ್ಟಾಗಿಯೇ ಉಳಿದಿದೆ ಎಂದು ನಂಬಿರುವವರೂ ಅವರೊಬ್ಬರೇ. ನೀನೆನಗಿದ್ದರೆ ನಾನಿನಗೆ, ಅಲ್ವಾ?

ದುಡಿಮೆ ಇಲ್ಲ ಎನ್ನಬೇಡಿ. 2018ರಲ್ಲಿ, ಸಂಶೋಧನೆಗಳನ್ನೇ ಅಧ್ಯಯನ ಮಾಡುವ ಜಾನ್ ಅಯೋನಿಡಿಸ್ ಮತ್ತು ಸಂಗಡಿಗರು ಐದು ದಿನಕ್ಕೊಂದರಂತೆ ಪೇಪರ್ ಹಾಕುವವರ ಲೆಕ್ಕ ತೆಗೆದರು. ಸಾವಿರಾರು ಜನ ಸಿಕ್ಕರು. ನೂರಾರು ಹೆಸರಿನ ದೊಡ್ಡ ಭೌತವಿಜ್ಞಾನ ತಂಡಗಳವರನ್ನೆಲ್ಲ ಬಿಟ್ಟ ಮೇಲೂ 265 ಮಂದಿ ಉಳಿದರು, ಅದರಲ್ಲಿ ಹೆಚ್ಚುಕಡಿಮೆ ಅರ್ಧ ವೈದ್ಯಕೀಯ ಮತ್ತು ಜೀವವಿಜ್ಞಾನದವರು. ಐದು ದಿನ! ಒಂದು ಆ್ಯಂಟಿಬಯಾಟಿಕ್ ಕೋರ್ಸ್ ಮುಗಿಯುವಷ್ಟರಲ್ಲಿ ಒಂದು ಪೇಪರ್.

ಬರೆದದ್ದು ತಪ್ಪಾದರೆ? ಚಿಂತೆ ಬೇಡ, ತಪ್ಪಿಗೂ ಅಂಕ ಉಂಟು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ ಆ್ಯಂಡ್ರೂ ವೇಕ್‌ಫೀಲ್ಡ್ ಪೇಪರ್ 1998ರಲ್ಲಿ ವೈದ್ಯಕೀಯ ಜರ್ನಲ್ ಲ್ಯಾನ್ಸೆಟ್‌ನಲ್ಲಿ ಬಂತು. ನೋಡಿದ್ದು 12 ಮಕ್ಕಳನ್ನು. 2010ರಲ್ಲಿ ಜರ್ನಲ್ ಅದನ್ನು ವಾಪಸ್ ಪಡೆಯಿತು, ಬ್ರಿಟನ್‌ನಲ್ಲಿ ಅವರ ವೈದ್ಯಕೀಯ ನೋಂದಣಿಯೂ ಹೋಯಿತು. ಆದರೂ ಅದನ್ನು ಉಲ್ಲೇಖಿಸಿದ ಪೇಪರ್‌ಗಳು ಸಾವಿರ ದಾಟಿವೆ. ಬಹುಪಾಲು ಉಗಿಯುವುದಕ್ಕೇ ಉಲ್ಲೇಖಿಸಿದವು. ಎಣಿಸುವ ಯಂತ್ರಕ್ಕೆ ಉಗಿದದ್ದೂ ಒಂದೇ, ಹೊಗಳಿದ್ದೂ ಒಂದೇ.

ಇಷ್ಟು ಕಷ್ಟವೂ ಬೇಡ ಎನ್ನುವವರಿಗೆ ಮಾರುಕಟ್ಟೆ ಇದೆ. ದುಡ್ಡು ಕೊಟ್ಟರೆ ಸೈಟೇಶನ್ (ಉಲ್ಲೇಖಗಳ ಸಂಖ್ಯೆ) ಏರಿಸಿಕೊಡುತ್ತೇವೆ ಎಂಬ ಜಾಹೀರಾತು ಕಂಡು ಸಂಶೋಧಕರಾದ ರೀಸ್ ರಿಚರ್ಡ್‌ಸನ್ ಮತ್ತು ನಿಕ್ ವೈಸ್ 2024ರಲ್ಲಿ ಒಂದು ಪ್ರಯೋಗ ಮಾಡಿದರು. ರಿಚರ್ಡ್‌ಸನ್ ಅಜ್ಜಿಯ ಬೆಕ್ಕು ಲ್ಯಾರಿ ಹೆಸರಲ್ಲಿ 12 ಪೇಪರ್ ಸೃಷ್ಟಿಸಿದರು. ಒಳಗೆ ತಂತ್ರಾಂಶ ಉದುರಿಸಿದ ಅರ್ಥವಿಲ್ಲದ ಗಣಿತ. ಅವನ್ನು ಉಲ್ಲೇಖಿಸಲೆಂದೇ ಇನ್ನಷ್ಟು ಖೊಟ್ಟಿ ಪೇಪರ್ ಮಾಡಿ ಅಂತರ್ಜಾಲಕ್ಕೆ ಏರಿಸಿದರು. ಪೇಪರ್ ಹುಡುಕಿಕೊಡುವ ಗೂಗಲ್ ಸ್ಕಾಲರ್ ನಿಷ್ಠೆಯಿಂದ ಎಣಿಸಿತು: ಸೈಟೇಶನ್ 132, ಎಚ್-ಇಂಡೆಕ್ಸ್ 11. ಬೆಕ್ಕುಗಳ ಪೈಕಿ ವಿಶ್ವದಾಖಲೆ. ಹೌದು, ಹಿಂದಿನ ದಾಖಲೆಯೂ ಇತ್ತು. 1975ರಲ್ಲಿ ಒಬ್ಬ ಭೌತವಿಜ್ಞಾನಿ ಒಬ್ಬರೇ ಬರೆದ ಪೇಪರ್‌ನಲ್ಲಿ ಉದ್ದಕ್ಕೂ "ನಾವು" ಎಂದು ಟೈಪ್ ಮಾಡಿಬಿಟ್ಟಿದ್ದರು. ಮತ್ತೆ ಟೈಪ್ ಮಾಡುವ ರಗಳೆ ಯಾಕೆಂದು ಮನೆಯ ಸಯಾಮಿ ಬೆಕ್ಕನ್ನು ಸಹಲೇಖಕ ಮಾಡಿದರು.

11 ಅಂದರೆ ಕಡಿಮೆಯೇನಲ್ಲ. ಎಷ್ಟೋ ಯುವ ಡಾಕ್ಟರುಗಳು ಅಲ್ಲಿಗೆ ತಲುಪಲು ವರ್ಷಗಟ್ಟಲೆ ಒದ್ದಾಡುತ್ತಾರೆ. ಲ್ಯಾರಿಗೆ ಇನ್ನೂ ಪ್ರೊಫೆಸರ್ ಹುದ್ದೆ ಸಿಕ್ಕಿಲ್ಲ. ಅರ್ಜಿ ಹಾಕಿಲ್ಲ ಅನಿಸುತ್ತೆ.