ಹನ್ನೆರಡು ಸಲ ಹಾಕಿದರೂ ಆರಿಲ್ಲ

ವಿಜಯಪುರದ ಬೇಸಿಗೆಯಲ್ಲಿ ಭಾನುವಾರ ಮಧ್ಯಾಹ್ನ ಕರೆಂಟ್ ಹೋದರೆ ನಮ್ಮ ಮನೆಯಲ್ಲಿ ಲೂಡೋ ಹೊರಗೆ ಬರುತ್ತದೆ. ಮೊನ್ನೆಯೂ ಬಂತು. ಎಲ್ಲರ ಕಾಯಿ ಹೊರಬಿದ್ದವು, ನನ್ನವು ನಾಲ್ಕೂ ಒಳಗೇ. 12 ಸಲ ದಾಳ ಹಾಕಿದೆ. ಒಂದೂ ಆರಿಲ್ಲ! ಹೊಟ್ಟೆ ಇನ್ನೂ ಉರಿಯುತ್ತಿದೆ.

"ಈ ಸಲ ಬಿದ್ದೇ ಬೀಳ್ತದ, ಬಾಕಿ ಉಳದೈತಿ" ಅಂದೆ. ಎಸ್ಸೆಸ್ಸೆಲ್ಸಿ ಓದುವ ಅಣ್ಣನ ಮಗಳು ಶೇಂಗಾ ತಿನ್ನುತ್ತಲೇ, "ಕಾಕಾ, ದಾಳಕ್ಕ ನೆನಪಿರೂದಿಲ್ಲ. ಈಗೂ 6ರಾಗ 1 ಅಷ್ಟೇ" ಅಂದಳು. ಆಮೇಲೆ ಆರನೇ ಐದನ್ನು 12 ಸಲ ಬರೆದು, ಗುಣಿಸಿ ತೋರಿಸಿದಳು. 12 ಸಲವೂ ಆರು ಬೀಳದೆ ಹಣೆ ಬಡಿದುಕೊಳ್ಳುವವರು ನೂರಕ್ಕೆ ಸುಮಾರು 11 ಮಂದಿಯಂತೆ. ಉಳಿದ 10 ಮಂದಿ ಎಲ್ಲಿದ್ದಾರೋ, ಹುಡುಕಿ ಸಂಘ ಕಟ್ಟಬೇಕು.

ಈ ಲೆಕ್ಕವೆಲ್ಲ ತಾಗದಿರುವುದು ನಮ್ಮ ಸೋದರತ್ತೆಗೆ ಮಾತ್ರ. ಮೊದಲು ಸೆರಗಿನಿಂದ ದಾಳ ಒರೆಸುತ್ತಾಳೆ. ಸ್ಟೀಲ್ ಲೋಟಕ್ಕೆ ಹಾಕಿ ಗಡಗಡ ಅಲ್ಲಾಡಿಸುತ್ತಾಳೆ. ನಿಲ್ಲಿಸಿ ಒಳಗೆ ಇಣುಕುತ್ತಾಳೆ. ಮನಸ್ಸಿಗೆ ಬರದಿದ್ದರೆ ಮತ್ತೆ ಗಡಗಡ. "ಸಿದ್ದೇಶ್ವರಾ, ಆರು ಹಾಕಪಾ" ಅಂತ ಊದಿ ಬಿಡುತ್ತಾಳೆ. ಅಷ್ಟೊತ್ತಿಗೆ ಒಂದು ಚಹಾ ಕುದಿದಿರುತ್ತದೆ. ಮೊನ್ನೆ ಅವಳ ದಾಳ ಉರುಳಿ ಹೋಗಿ ಶೇಂಗಾ ತಟ್ಟೆಯ ಅಂಚಿಗೆ ಒರಗಿ ನಿಂತಿತು. ಅರ್ಧ ಐದು, ಅರ್ಧ ಆರು.

"ಆರು!" ಅಂದಳು ಅತ್ತೆ.

"ಐದು" ಅಂದೆ ನಾನು.

"ಪುಸ್ತಕದಾಗ 6 ಫಲಿತಾಂಶ ಅಷ್ಟ ಅದಾವು, ಇದು ಏಳನೇದು" ಅಂದಳು ಹುಡುಗಿ.

ಅತ್ತೆ ಸುಮ್ನೆ ತಟ್ಟೆಗೆ ಕೈ ಹಾಕಿ ಒಂದು ಶೇಂಗಾ ತೆಗೆದುಕೊಂಡಳು. ತಟ್ಟೆ ಅಲುಗಿತು, ದಾಳ ಹೊರಳಿತು. ಆರು. ಇದನ್ನು ಯಾವ ಪಾಠದಲ್ಲಿ ಹೇಳಿಕೊಡುತ್ತಾರೆ?

ಅವಳ ಕೈ ಪಳಗಿದ್ದು ಕವಡೆಯಲ್ಲಿ. ನಾವು ಚಿಕ್ಕವರಿದ್ದಾಗ ಅಜ್ಜಿ ಕಟ್ಟೆಯ ಮೇಲೆ ಸುಣ್ಣದಲ್ಲಿ ಮನೆ ಬರೆದು ಎಲ್ಲರನ್ನೂ ಆಡಿಸುತ್ತಿದ್ದಳು. ಕವಡೆಗೆ ನಾಣ್ಯದ ಹಾಗೆ ಎರಡು ಮಗ್ಗುಲೂ ಸಮ ಇರುವುದಿಲ್ಲ, ಅರ್ಧಕ್ಕರ್ಧ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಯಾವ ಕವಡೆ ಹೇಗೆ ಮಗುಚುತ್ತದೆ ಅಂತ ಅಜ್ಜಿಯ ಬೆರಳಿಗೆ ಗೊತ್ತಿತ್ತು. ಮನೆ ಬದಲಿಸುವಾಗ ಅವೆಲ್ಲ ಎಲ್ಲಿ ಹೋದವೋ.

13ನೇ ಸಲ ನನಗೂ ಆರು ಬಿತ್ತು. ಕುಣಿದೆ. ಇನ್ನೊಂದು ಹಾಕಿದೆ, ಆರು. ಮತ್ತೊಂದು, ಅದೂ ಆರು! ಮೂರು ಆರು ಒಟ್ಟಿಗೆ ಬಿದ್ದರೆ ಮೂರೂ ರದ್ದು, ಗೊತ್ತಲ್ವಾ. "216ರಾಗ 1 ಸಲ ಆಗೂದು ಕಾಕಾ!" ಅಂತ ಹುಡುಗಿ ಚಪ್ಪಾಳೆ ತಟ್ಟಿದಳು. ಅತ್ತೆ ಆಗಲೇ ಸೆರಗಿನಿಂದ ದಾಳ ಒರೆಸುತ್ತಿದ್ದಳು.