ಮೊಳ ಹಾಕಿದ ನಡಿಗೆ

ಅರ್ಧ ಗಂಟೆ ಬೆವರು ಸುರಿಸಿ ಟ್ರೆಡ್‌ಮಿಲ್‌ನಿಂದ ಇಳಿದೆ. ಅದರ ಪರದೆಯಲ್ಲಿ 2.5 ಕಿಲೋಮೀಟರ್. ಕೈಯಲ್ಲಿದ್ದ ಸ್ಮಾರ್ಟ್ ವಾಚ್ ನೋಡಿದರೆ 1.6. ಮಿಕ್ಕ 900 ಮೀಟರ್ ಎಲ್ಲಿ ಹೋಯಿತು? ತರಕಾರಿ ಅಂಗಡಿಗೆ ಹೋಗಿ ಬರುವಷ್ಟು ದೂರ ಅದು. ಸುಮ್ನೆ ಬಿಡೋಕಾಗುತ್ತಾ?

ನಮ್ಮವರಿಗೆ ಹೇಳಿದೆ. "ಯಾವುದು ಜಾಸ್ತಿ ತೋರಿಸುತ್ತೋ ಅದನ್ನೇ ನಂಬು ಕಣೆ, ಮುಗೀತು" ಅಂದರು. ಪೇಪರ್‌ನಿಂದ ತಲೆ ಎತ್ತಲಿಲ್ಲ.

ವಾಚ್‌ಗೆ ನನ್ನ ಕಾಲಿನ ಪರಿಚಯವೇ ಇಲ್ಲ. ಅದು ಕಟ್ಟಿಕೊಂಡಿರುವುದು ಕೈಗೆ. ಕೈ ಬೀಸಿದರೆ ಒಳಗಿನ ಪುಟ್ಟ ಸೆನ್ಸರ್‌ಗೆ ತಿಳಿಯುತ್ತದೆ, ಆ ಬೀಸಿನಲ್ಲಿ ಅದು ಹೆಜ್ಜೆ ಎಣಿಸುತ್ತದೆ. ನಾನೋ, ಸಿಟಿ ಬಸ್ಸಿನಲ್ಲಿ ನಿಂತವರ ಹಾಗೆ ಕಂಬಿ ಬಿಗಿಯಾಗಿ ಹಿಡಿದುಕೊಂಡಿದ್ದೆ. ಕಾಲು ನಡೆಯಿತು, ಕೈ ನಿಂತೇ ಇತ್ತು. ಪಾಪ, ಅದಾದರೂ ಏನು ಮಾಡೀತು? ಅದೇ ವಾಚ್, ಹಬ್ಬದ ದಿನ ತುರಿಮಣೆ ಮುಂದೆ ಕೂತು ಎರಡು ಕಾಯಿ ತುರಿದಾಗ ಧಾರಾಳವಾಗಿ ಹೆಜ್ಜೆ ಸೇರಿಸಿತ್ತು. ನನ್ನ ಅಡುಗೆಮನೆ ಕೆಲಸಕ್ಕೆ ಲೆಕ್ಕ ಇಟ್ಟವರು ಈ ಮನೆಯಲ್ಲಿ ಅದೊಂದೇ.

ರಸ್ತೆಯಲ್ಲಾದರೆ ಅದು ಜಿಪಿಎಸ್ ಉಪಗ್ರಹಗಳ ಸಹಾಯ ಪಡೆಯುತ್ತದೆ. ಟ್ರೆಡ್‌ಮಿಲ್ ಮೇಲೆ ಆ ಸಹಾಯ ಕೇಳಿದರೆ "ಈಯಮ್ಮ ಇದ್ದಲ್ಲೇ ಇದ್ದಾಳೆ" ಅನ್ನುವ ಉತ್ತರ ಬಂದೀತು. ಯೋಚಿಸಿದರೆ ನಿಜ ಹೇಳುವುದು ಅದೇ ಅಲ್ವಾ!

ಹಾಗಂತ ಟ್ರೆಡ್‌ಮಿಲ್ ಏನೂ ಸತ್ಯಹರಿಶ್ಚಂದ್ರ ಅಲ್ಲ. ಅದು ಲೆಕ್ಕ ಹಾಕುವುದು ತನ್ನ ಮೋಟಾರು, ರೋಲರ್ ಎಷ್ಟು ಸುತ್ತಿದವು ಅಂತ. ಬೆಲ್ಟ್ ಹಳೆಯದಾಗಿ ಸಡಿಲವಾದರೆ, ನಾವು ಕಾಲಿಟ್ಟ ಕೂಡಲೇ ಅದು ಚೂರು ಜಾರುತ್ತದೆ. ರೋಲರ್ ಮಾತ್ರ ತಿರುಗುತ್ತಲೇ ಇರುತ್ತದೆ. ಬಿಲ್ ಪೂರ್ತಿ ಬರುತ್ತದೆ.

ಭಾನುವಾರ ಟೇಪು, ಚಾಕ್‌ಪೀಸು ಹಿಡಿದು ಕೂತೆವು. ಬೆಲ್ಟ್‌ನ ಪೂರ್ತಿ ಸುತ್ತಳತೆ 3 ಮೀಟರ್. ಗಂಟೆಗೆ 5 ಕಿಲೋಮೀಟರ್ ವೇಗ ಅಂದರೆ ಚಾಕ್‌ನ ಗೆರೆ ನಿಮಿಷಕ್ಕೆ ಹತ್ತಿರ ಹತ್ತಿರ 28 ಸಲ ಬರಬೇಕು. ನಾನು ನಡೆದೆ, ಅವರು ಎಣಿಸಿದರು. 26. ಅಂದರೆ ಅರ್ಧ ಗಂಟೆಗೆ 2.34 ಕಿಲೋಮೀಟರ್. 160 ಮೀಟರ್ ಬರೀ ಗಾಳಿಯಲ್ಲಿ ನಡೆದಿದ್ದೇನೆ! ಹಾಲಿಗೆ ನೀರು ಬೆರೆಸಿದವರನ್ನು ಹಿಡಿದಷ್ಟು ಖುಷಿಯಾಯಿತು ನಮ್ಮವರಿಗೆ.

ಮಾರನೆಯ ದಿನ ಕಂಬಿ ಬಿಟ್ಟು, ಕೈ ಬೀಸಿಕೊಂಡು ನಡೆದೆ. ಈಗ ವಾಚ್ 2.6 ಅಂತು. ಅದು ಇನ್ನೊಂದು ಕಥೆ.

ಹೆಜ್ಜೆಯನ್ನೇ ಅಳತೆಗೋಲು ಮಾಡಿಕೊಂಡವರು ಇರಲಿಲ್ಲ ಅಂತಲ್ಲ. 1865ರಲ್ಲಿ ಈಗಿನ ಉತ್ತರಾಖಂಡದ ಕುಮಾಊಂ ಕಡೆಯ ನೈನ್ ಸಿಂಗ್ ರಾವತ್ ಬ್ರಿಟಿಷರ ಸರ್ವೇ ಇಲಾಖೆಗಾಗಿ ವೇಷ ಮರೆಸಿಕೊಂಡು ಟಿಬೆಟ್ ಅಳೆಯಲು ಹೊರಟರು. ಮೈಲಿಗೆ ಸರಿಯಾಗಿ 2,000 ಹೆಜ್ಜೆ ಬೀಳಬೇಕು, ಹಾಗೆ ಇಲಾಖೆಯವರು ಅಭ್ಯಾಸ ಮಾಡಿಸಿದ್ದರು. ಕೈಯಲ್ಲಿ ಜಪಮಾಲೆ. ಆದರೆ ಅದರಲ್ಲಿ 108 ಮಣಿ ಇಲ್ಲ, 100 ಇದ್ದವು. 100 ಹೆಜ್ಜೆಗೊಂದು ಮಣಿ. ಮಾಲೆ ಒಂದು ಸುತ್ತು ಬಂದರೆ 10,000 ಹೆಜ್ಜೆ, 5 ಮೈಲಿ. ಈಗ ವಾಚ್‌ಗಳು ದಿನಾ ಕೇಳುವುದೂ ಅದೇ 10,000, ನೋಡಿ. ಹಿಮಾಲಯದ ಏರು ತಗ್ಗಿನಲ್ಲೂ ಆ ಮನುಷ್ಯನ ಹೆಜ್ಜೆ ಹದ ತಪ್ಪಬಾರದಿತ್ತು. ನನ್ನದು ಫೋನ್ ರಿಂಗಾದರೆ ಸಾಕು, ಅರ್ಧಕ್ಕೆ ಇಳಿಯುತ್ತದೆ.

ವಾಚ್‌ಗೆ ಹೋಲಿಕೆ ಬೇಕಾದರೆ ನಮ್ಮ ಬೀದಿಯ ಹೂವಿನವಳಿದ್ದಾಳೆ. ಅವಳ ಮೊಳ ಅವಳ ಕೈಯದು. "ನನ್ನ ಕೈಯಲ್ಲಿ ಅಳೆ" ಅಂತ ಪ್ರತಿ ಶುಕ್ರವಾರ ನಾನು ಕೈ ಚಾಚುತ್ತೇನೆ, ಅವಳು ನಗುತ್ತಾಳೆ. ವಾಚ್ ಕೂಡ ಮೊಳವೇ ಹಾಕುತ್ತದೆ. ಎತ್ತರ ಇಷ್ಟು, ಹಾಗಾದರೆ ಹೆಜ್ಜೆ ಇಷ್ಟು ಉದ್ದ ಇರಬೇಕು ಅಂತ ಅಂದಾಜು. ಅದನ್ನು ಹೆಜ್ಜೆಗಳ ಲೆಕ್ಕಕ್ಕೆ ಗುಣಿಸುವುದು, ಅಷ್ಟೇ. ಎತ್ತರದಲ್ಲಿ ಎರಡು ಇಂಚು ಹೆಚ್ಚು ಕೊಟ್ಟರೆ ಹೆಜ್ಜೆ ಸುಮಾರು 2 ಸೆಂಟಿಮೀಟರ್ ಉದ್ದವಾಗುತ್ತದೆ. 4,000 ಹೆಜ್ಜೆಗೆ 80 ಮೀಟರ್!

ಇದನ್ನೆಲ್ಲ ಫೋನಿನಲ್ಲಿ ವಿವರಿಸಿದ್ದು ಮಗಳು. "ಅಮ್ಮಾ, ಸೆಟ್ಟಿಂಗ್ಸ್‌ಗೆ ಹೋಗಿ ನಿನ್ನ ಎತ್ತರ ಸರಿ ಇದೆಯಾ ನೋಡು" ಅಂದಳು.

ತೆಗೆದು ನೋಡಿದೆ. 5 ಅಡಿ 4 ಇಂಚು. ಮೂವತ್ತು ವರ್ಷದ ಹಿಂದೆ ಜಾತಕದ ಜೊತೆ ನಮ್ಮಪ್ಪ ಬರೆದು ಕಳಿಸಿದ್ದ ಎತ್ತರ. ಕೇಳಿದವರಿಗೆಲ್ಲ ಅದನ್ನೇ ಹೇಳಿ ಹೇಳಿ, ವಾಚ್‌ಗೂ ಅದನ್ನೇ ಹೇಳಿದ್ದೆ. ಟೇಪು ಇನ್ನೂ ಟೀಪಾಯಿ ಮೇಲೇ ಇತ್ತು. ನಮ್ಮವರು ಅದನ್ನು ಎತ್ತಿಕೊಂಡು "ಎಲ್ಲಿ, ಗೋಡೆಗೆ ಒರಗಿ ನಿಂತುಕೋ, ಅದನ್ನೂ ನೋಡಿಬಿಡೋಣ" ಅಂದರು.

"ರೀ, ಒಲೆ ಮೇಲೆ ಹಾಲಿಟ್ಟಿದ್ದೀನಿ, ಉಕ್ಕುತ್ತಾ ನೋಡಿ" ಅಂತ ಅವರನ್ನು ಒಳಗೆ ಕಳಿಸಿ, ಸೆಟ್ಟಿಂಗ್ಸ್ ಮುಚ್ಚಿದೆ.