ಕಂಪನಿಯ ಎಪಿಐಗೆ ನಾವೇ ಕೋಡ್ ಬರೆಯಬಹುದೇ?

ಪರ

ನಾನು ಕನ್ನಡ ಟೈಪ್ ಮಾಡುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ. ಆಫೀಸಿನ ವಿಂಡೋಸ್‌ನಲ್ಲಿ ಒಂದು ತಂತ್ರಾಂಶ, ಮನೆಯ ಲಿನಕ್ಸ್‌ನಲ್ಲಿ ಇನ್ನೊಂದು. ಒಳಗಿನ ಕೋಡ್ ಬೇರೆ, ಒತ್ತುವ ಕೀಲಿ ಮಾತ್ರ ಅದೇ. ಬೆರಳಿಗೆ ಹೊಸ ಪಾಠ ಬೇಡ. ಎಪಿಐ, ಅಂದರೆ ಒಂದು ಪ್ರೋಗ್ರಾಮ್ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳುವ ಕರೆಗಳ ಪಟ್ಟಿ, ಕೂಡ ಹೀಗೇ. ಯಾವ ಹೆಸರಿಂದ ಕರೆದರೆ ಯಾವ ಕೆಲಸ ಆಗಬೇಕು ಅನ್ನೋದು ಅದರಲ್ಲಿರುತ್ತದೆ. ಆ ಕೆಲಸ ಮಾಡುವ ಕೋಡನ್ನು ನಾವೇ ಬರೆದರೆ ಕಳ್ಳತನ ಹೇಗಾಗುತ್ತದೆ?

1993ರಲ್ಲಿ ಶುರುವಾದ ವೈನ್ ಎಂಬ ತಂತ್ರಾಂಶ ಇಂಥದ್ದೇ. ವಿಂಡೋಸ್‌ನ ಎಪಿಐಗೆ ಬೇರೆಯವರು ತಾವೇ ಬರೆದ ಕೋಡ್ ಅದು. ಚಿಕ್ಕಪೇಟೆಯಲ್ಲಿ ನಮ್ಮ ಮಾವನ ಅಂಗಡಿಯ ಹಳೇ ವಿಂಡೋಸ್ ಬಿಲ್ಲಿಂಗ್ ಪ್ರೋಗ್ರಾಮ್ ಇವತ್ತಿಗೂ ವೈನ್‌ನಿಂದಾಗಿ ಲಿನಕ್ಸ್ ಮೇಲೆ ಓಡುತ್ತಿದೆ. ಆ ಪ್ರೋಗ್ರಾಮ್ ಬರೆದುಕೊಟ್ಟವರು ಆ ಕೆಲಸ ಬಿಟ್ಟು ಎಷ್ಟೋ ವರ್ಷ ಆಯ್ತು.

ಕಾನೂನೂ ಈ ಕಡೆಗೇ ವಾಲಿದೆ. ಗೂಗಲ್ ಆಂಡ್ರಾಯ್ಡ್‌ಗಾಗಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎಪಿಐಯ ಸುಮಾರು 11,500 ಸಾಲು ತೆಗೆದುಕೊಂಡು, ಒಳಗಿನ ಕೋಡನ್ನು ತಾನೇ ಬರೆಯಿತು. ಅದು ನ್ಯಾಯವಾದ ಬಳಕೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಪ್ರೋಗ್ರಾಮ್ ಏನು ಕೆಲಸ ಮಾಡುತ್ತದೆ ಅನ್ನೋದಕ್ಕೆ ಕಾಪಿರೈಟ್ ಇಲ್ಲ ಎಂದು ಯುರೋಪಿನ ಕೋರ್ಟ್ 2012ರಲ್ಲೇ ಹೇಳಿತ್ತು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಕೂಡ ಇದಕ್ಕೆ ಜಾಗ ಕೊಡುತ್ತದೆ. ಎರಡು ಪ್ರೋಗ್ರಾಮ್ ಹೊಂದಿಕೊಂಡು ಓಡಲು ಬೇಕಾದ ಮಾಹಿತಿ ಸುಲಭವಾಗಿ ಸಿಗದಿದ್ದರೆ, ಸರಿಯಾಗಿ ಪಡೆದ ಪ್ರತಿಯಿಂದ ಅದನ್ನು ಹುಡುಕಿ ತೆಗೆಯಬಹುದು.

ವಿರೋಧ

ಗೂಗಲ್ ಗೆದ್ದಿತು, ನಿಜ. ಆದರೆ ಜಾವಾದ ಒಡೆಯ ಒರಾಕಲ್ ಕಂಪನಿ ಕೇಸು ಹಾಕಿದ್ದು 2010ರಲ್ಲಿ. ಅಷ್ಟು ವರ್ಷ ವಕೀಲರ ಫೀಸು ಕಟ್ಟುವ ಶಕ್ತಿ ಗೂಗಲ್‌ಗಿತ್ತು. ಜಯನಗರದ ರೂಮಿನಲ್ಲಿ ರಾತ್ರಿ ಕೂತು ಕೋಡ್ ಬರೆಯುವ ನಾಲ್ಕು ಜನರಿಗೆ ಒಂದು ನೋಟಿಸ್ ಸಾಕು. ಅಲ್ಲದೆ ಎಪಿಐಗೆ ಕಾಪಿರೈಟ್ ಇದೆಯೋ ಇಲ್ಲವೋ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಮಾನಿಸಲೇ ಇಲ್ಲ. ಇದೆ ಅಂತಲೇ ಇಟ್ಟುಕೊಂಡರೂ ಈ ಬಳಕೆ ತಪ್ಪಲ್ಲ ಎಂದಿತು. ಮುಂದಿನ ಕೇಸಿನಲ್ಲಿ ಬಳಕೆ ಬೇರೆ ಇರುತ್ತದೆ ಅಲ್ವಾ?

ಪೇಟೆಂಟ್ ಇನ್ನೂ ಕಷ್ಟ. ಅವರ ಕೋಡ್ ನೋಡದೇ ಬರೆದೆ ಅನ್ನೋ ಮಾತು ಅಲ್ಲಿ ನಡೆಯುವುದಿಲ್ಲ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ಗೆ ಬೇರೆಯವರು ಬರೆದ ಮುಕ್ತ ರೂಪ ಮೋನೋ ಬಗ್ಗೆ ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ 2009ರಲ್ಲಿ ಎಚ್ಚರಿಸಿದ್ದು ಇದಕ್ಕೇ. ನಮ್ಮಲ್ಲಿ ಬರೀ ಪ್ರೋಗ್ರಾಮಿಗೆ ಪೇಟೆಂಟ್ ಇಲ್ಲ, ಆದರೆ ಕೋಡ್ ಅಮೆರಿಕಕ್ಕೂ ಹೋಗುತ್ತದೆ.

ನನಗೆ ಜಾಸ್ತಿ ಭಯ ಇರುವುದು ನಮ್ಮ ಊರಿನ ಕೆಲಸದ ರೀತಿಯ ಬಗ್ಗೆ. ಇವತ್ತು ಮಾರತಹಳ್ಳಿಯ ಕಂಪನಿ, ಎರಡು ವರ್ಷಕ್ಕೆ ವೈಟ್‌ಫೀಲ್ಡಿನ ಇನ್ನೊಂದು. ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಬರುತ್ತೇವೆ, ನೋಡಿದ ಕೋಡ್ ತಲೆಯಲ್ಲೇ ಉಳಿಯುತ್ತದೆ. ನನ್ನ ಗೆಳೆಯನೊಬ್ಬ ಮುಕ್ತ ತಂತ್ರಾಂಶ ಯೋಜನೆಯೊಂದಕ್ಕೆ ಪ್ಯಾಚ್, ಅಂದರೆ ತಿದ್ದುಪಡಿ ಕೋಡ್, ಬರೆಯುತ್ತಿದ್ದ. ಅರ್ಧಕ್ಕೆ ನಿಲ್ಲಿಸಿ, ಒಂದು ವೇರಿಯೇಬಲ್ ಹೆಸರನ್ನೇ ನೋಡುತ್ತಾ ಕೂತ. ಅದು ಹಳೇ ಆಫೀಸಿನ ಕೋಡಿನದು. ಸುಮ್ನೆ ಬೆರಳಿಗೆ ಬಂದುಬಿಟ್ಟಿತ್ತು. ಅವನು ಇಡೀ ಫೈಲ್ ಅಳಿಸಿದ.